ಎಷ್ಟು ಚುಕ್ಕಿ, ಎಷ್ಟು ಸೈಕಲ್: ಹಳೇ ಡೆಮೊ ದಾಖಲೆಗಳ ಪಟ್ಟಿ ಮಾಡಿದ ನನ್ನ ಅನುಭವ

ಹಳೇ ಕಂಪ್ಯೂಟರ್‌ಗಳ ಡೆಮೊ, ಅಂದರೆ ಕೈಚಳಕ ತೋರಿಸಲೆಂದೇ ಬರೆದ ಚಿತ್ರ-ಸಂಗೀತದ ಪ್ರೋಗ್ರಾಂ, ನೋಡುವವರಿಗೆ ಇದು ಗೊತ್ತಿರುತ್ತದೆ. 'ಇಷ್ಟು ಚುಕ್ಕಿ ಓಡಿಸಿದ್ದೇವೆ, ಇಷ್ಟು ಸ್ಪ್ರೈಟ್ ಕುಣಿಸಿದ್ದೇವೆ, ಇದೇ ವಿಶ್ವದಾಖಲೆ' ಅಂತ ಸ್ಕ್ರೀನ್ ಮೇಲೇ ಬರೆದುಕೊಳ್ಳುವುದು ಆ ಕಾಲದ ರೂಢಿ. (ಸ್ಪ್ರೈಟ್ ಅಂದರೆ ಸ್ಕ್ರೀನ್ ಮೇಲೆ ಓಡಾಡಿಸುವ ಪುಟ್ಟ ಚಿತ್ರ.) 1980ರ ದಶಕದ ಕೊನೆಯಲ್ಲಿ ಯುರೋಪಿನ ಹುಡುಗರು ಕಾಮೊಡೋರ್ 64, ಅಮಿಗಾ ಎಂಬ ಮನೆ ಕಂಪ್ಯೂಟರ್‌ಗಳ ಮೇಲೆ ಈ ಪೈಪೋಟಿ ಜೋರಾಗಿ ನಡೆಸಿದರು. ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಕೂತು ನಾನು ಆ ದಾಖಲೆಗಳ ಪಟ್ಟಿ ಮಾಡುತ್ತಾ ಬಂದಿದ್ದೇನೆ. ಬರೀ ಅಂಕಿ ಬರೆದಿಟ್ಟರೆ ಏನೂ ಪ್ರಯೋಜನವಿಲ್ಲ. ಅದು ಯಾವ ಷರತ್ತಿನಲ್ಲಿ ಬಂತು ಅನ್ನುವುದನ್ನೂ ಜೊತೆಗೇ ಬರೆಯಬೇಕು.

ಮೊದಲು ಲೆಕ್ಕ ಹಾಕಿಕೊಳ್ಳುತ್ತೇನೆ. 1982ರ ಕಾಮೊಡೋರ್ 64ರ ಪಾಲ್ (ಯುರೋಪಿನ ಟಿವಿ ಪದ್ಧತಿ) ಮಾದರಿಯಲ್ಲಿ ಒಂದು ಫ್ರೇಮಿಗೆ, ಅಂದರೆ ಸ್ಕ್ರೀನ್ ಮೇಲೆ ಒಂದು ಸಲ ಮೂಡುವ ಪೂರ್ತಿ ಚಿತ್ರಕ್ಕೆ, 312 ಗೆರೆ, ಗೆರೆಗೆ 63 ಸೈಕಲ್ (ಪ್ರೊಸೆಸರಿನ ಗಡಿಯಾರದ ಒಂದೊಂದು ಮಿಡಿತ). ಅಂದರೆ ಫ್ರೇಮಿಗೆ 19,656 ಸೈಕಲ್. ಅದರಲ್ಲಿ 25 ಗೆರೆಗಳಲ್ಲಿ ವೀಡಿಯೊ ಚಿಪ್ ತಲಾ 40ಕ್ಕೂ ಜಾಸ್ತಿ ಸೈಕಲ್ ಕಿತ್ತುಕೊಳ್ಳುತ್ತದೆ. ಉಳಿಯುವುದು 18,600ರ ಆಸುಪಾಸು. ಸಾದಾ ದಾರಿಯಲ್ಲಿ ಒಂದು ಚುಕ್ಕಿ ಇಡಲು 10 ಸೈಕಲ್ ಬೇಕು, ಅಳಿಸಲು 4. ಹಾಗಾದರೆ ಹೆಚ್ಚೆಂದರೆ 1,300 ಚುಕ್ಕಿ. ಚುಕ್ಕಿ ಎಲ್ಲಿಗೆ ಹೋಗಬೇಕು ಅಂತ ಲೆಕ್ಕ ಹಾಕುವ ಖರ್ಚು ಇದರಲ್ಲಿ ಸೇರಿಲ್ಲ, ಸಂಗೀತ ನುಡಿಸುವ ಖರ್ಚೂ ಇಲ್ಲ. ಯಾರಾದರೂ 2,000 ಅಂದರೆ ಒಂದೋ ಡೆಮೊ ಸೆಕೆಂಡಿಗೆ 50 ಫ್ರೇಮ್ ಓಡುತ್ತಿಲ್ಲ, ಇಲ್ಲವೇ ಒಳಗೊಂದು ಜಾಣತನ ಇದೆ. ಆ ಜಾಣತನ ಏನು ಅಂತ ಹುಡುಕಿ ಬರೆಯುವುದೇ ಪಟ್ಟಿಯ ನಿಜವಾದ ಕೆಲಸ, ಅಲ್ವಾ?

ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಮಾದರಿಯಲ್ಲಿ 263 ಗೆರೆ, ಗೆರೆಗೆ 65 ಸೈಕಲ್. ಅಲ್ಲಿ ಒಂದು ಫ್ರೇಮಿಗೆ ಸಿಗುವ ಹೊತ್ತೇ ಕಡಿಮೆ. ಆದ್ದರಿಂದ ಎಮ್ಯುಲೇಟರ್ (ಹಳೇ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಂ) ಯಾವ ಮಾದರಿಗೆ ಹೊಂದಿಸಿದೆ ಅನ್ನುವುದನ್ನು ಮೊದಲ ಕಾಲಮ್ಮಿನಲ್ಲೇ ಬರೆಯುತ್ತೇನೆ.

ಅಳೆಯುವ ಹಳೇ ಉಪಾಯ ಒಂದಿದೆ, ನನಗೆ ತುಂಬಾ ಇಷ್ಟ. ಬಾರ್ಡರ್, ಅಂದರೆ ಸ್ಕ್ರೀನಿನ ಅಂಚಿನ, ಬಣ್ಣ ಮೆಮೊರಿಯ 53280ನೇ ವಿಳಾಸದಲ್ಲಿ ಇರುತ್ತದೆ. ಚುಕ್ಕಿ ಇಡುವ ಕೋಡ್ ಶುರುವಾಗುವ ಕಡೆ ಅದನ್ನು ಒಂದು ಏರಿಸಿ, ಮುಗಿಯುವ ಕಡೆ ಒಂದು ಇಳಿಸುತ್ತೇನೆ. ಆಗ ಬಾರ್ಡರಿನಲ್ಲಿ ಒಂದು ಬಣ್ಣದ ಪಟ್ಟೆ ಕಾಣುತ್ತದೆ. ಅದರ ಎತ್ತರವೇ ಕೋಡ್ ತಿಂದ ಸಮಯ. 100 ಗೆರೆ ಎತ್ತರ ಇದ್ದರೆ 6,300 ಸೈಕಲ್. ಸೈಕಲ್ ಎಣಿಸಿ ಕೂರಿಸಿದ ಕೋಡಿಗೆ ಈ ಉಪಾಯ ನಡೆಯುವುದಿಲ್ಲ, ಒಂದು ಸೂಚನೆ ತುರುಕಿದರೂ ಚಿತ್ರ ಕಲಸಿಹೋಗುತ್ತದೆ. ಅಂಥವಕ್ಕೆ ವೈಸ್ ಎಂಬ ಎಮ್ಯುಲೇಟರಿನ ಮಾನಿಟರ್ (ಕೋಡ್ ಪರೀಕ್ಷಿಸುವ ಕಿಟಕಿ) ತೆರೆದು, ಬ್ರೇಕ್‌ಪಾಯಿಂಟ್ (ಕೋಡ್ ನಿಲ್ಲಿಸುವ ಗುರುತು) ಇಟ್ಟು, ಸೈಕಲ್ ಎಣಿಕೆ ಓದಿಕೊಳ್ಳುತ್ತೇನೆ.

ನನ್ನ ಜೊತೆ ಮಂಡ್ಯದ ಒಬ್ಬ ಇಂಜಿನಿಯರಿಂಗ್ ಹುಡುಗ ಕೈಜೋಡಿಸಿದ್ದಾನೆ. ಅಮಿಗಾ ಡೆಮೊ ಒಂದರಲ್ಲಿ ಬಾಬ್‌ಗಳನ್ನು, ಅಂದರೆ ಸ್ಕ್ರೀನ್ ಮೇಲೆ ಬರೆದು ಓಡಿಸುವ ಪುಟ್ಟ ಚಿತ್ರಗಳನ್ನು, ನೋಡುತ್ತಾ ಕೇಳಿದ: "ಸಾರ್, ಇದರಲ್ಲಿ ಬಾಬ್‌ಗಳು ಮುಗಿಯೋದೇ ಇಲ್ವಲ್ಲ, ಎಷ್ಟು ಅಂತ ಬರೀಲಿ?"

"ಎಷ್ಟು ಅಂತ ಬರೀಬೇಡ ಕಣಪ್ಪ. ಫ್ರೇಮಿಗೆ ಒಂದು ಅಂತ ಬರಿ," ಅಂದೆ.

ಅಲ್ಲಿ ನಡೆಯುವುದು ಇಷ್ಟೇ. ನಾಲ್ಕಾರು ಸ್ಕ್ರೀನ್ ಬಫರ್ (ಮೆಮೊರಿಯಲ್ಲಿರುವ ಪೂರ್ತಿ ಸ್ಕ್ರೀನಿನ ಚಿತ್ರ) ಇಟ್ಟುಕೊಂಡು ಸರದಿಯಂತೆ ತೋರಿಸುತ್ತಾರೆ. ಪ್ರತಿ ಸಲ ಒಂದರಲ್ಲಿ ಒಂದೇ ಹೊಸ ಬಾಬ್ ಬರೆಯುತ್ತಾರೆ, ಹಳೆಯದನ್ನು ಅಳಿಸುವುದಿಲ್ಲ. ದಸರಾದಲ್ಲಿ ಸೀರಿಯಲ್ ಸೆಟ್ ಬಲ್ಬು ಇದ್ದಲ್ಲೇ ಇದ್ದು ಓಡಿದ ಹಾಗೆ ಕಾಣುತ್ತದಲ್ಲ, ಇದೂ ಹಾಗೇ. ಇದನ್ನು ಮೋಸ ಅಂತ ನಾನು ಕರೆಯುವುದಿಲ್ಲ. ಮೊದಲು ಹೊಳೆದವನ ತಲೆಗೆ ನಮಸ್ಕಾರ ಹೇಳಬೇಕು. ಆದರೆ ಪ್ರತಿ ಫ್ರೇಮಿನಲ್ಲೂ ಎಲ್ಲಾ ಬಾಬ್‌ಗಳನ್ನು ಅಳಿಸಿ ಬರೆಯುವ ಡೆಮೊ ಜೊತೆ ಇದನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಇದಕ್ಕೆ ಬೇರೆ ವಿಭಾಗ ಮಾಡಿದ್ದೇವೆ. ಮೊದಲೇ ಲೆಕ್ಕ ಹಾಕಿಟ್ಟ ಚಲನೆಗೂ ಒಂದು ಕಾಲಮ್ ಇದೆ, ಚಿತ್ರದ ಅಳತೆಗೂ ಒಂದು.

'ಮೊದಲು ಮಾಡಿದ್ದು ಯಾರು' ಅನ್ನುವ ಕಾಲಮ್ ಇಟ್ಟಿಲ್ಲ. ಅದರ ಬದಲು 'ನಾವು ನೋಡಿದ್ದರಲ್ಲಿ ಹಳೆಯದು' ಅಂತ ಇಟ್ಟಿದ್ದೇವೆ.

ಸದ್ಯ ಕೈಯಲ್ಲಿರುವುದು '8088 ಎಂಪಿಎಚ್'. 2015ರ ಏಪ್ರಿಲ್‌ನಲ್ಲಿ ಜರ್ಮನಿಯ ರಿವಿಷನ್ ಎಂಬ ಡೆಮೊ ಸ್ಪರ್ಧೆಯ ಕೂಟದಲ್ಲಿ ಗೆದ್ದ ಡೆಮೊ ಇದು. ಐಬಿಎಂನ ಮೊದಲ ಪಿಸಿ, 4.77 ಮೆಗಾಹರ್ಟ್ಸ್ ವೇಗ, ಸಿಜಿಎ ಎಂಬ ಹಳೇ ವೀಡಿಯೊ ಕಾರ್ಡ್. ಗ್ರಾಫಿಕ್ಸ್‌ನಲ್ಲಿ ಸಾಮಾನ್ಯವಾಗಿ 4 ಬಣ್ಣ ತೋರಿಸುವ ಆ ಕಾರ್ಡಿನಿಂದ 1,024 ಬಣ್ಣ ಹೊರಡಿಸಿದ್ದಾರೆ. ಬಿಡುಗಡೆಯಾದಾಗ ಯಾವ ಎಮ್ಯುಲೇಟರಿನಲ್ಲೂ ಅದು ಸರಿಯಾಗಿ ಓಡುತ್ತಿರಲಿಲ್ಲ. ಬಣ್ಣ ಹುಟ್ಟುವುದು ಕಾಂಪೊಸಿಟ್ ಸಿಗ್ನಲ್ಲಿನಲ್ಲಿ (ಬಣ್ಣ, ಬೆಳಕು ಎಲ್ಲಾ ಒಂದೇ ತಂತಿಯಲ್ಲಿ ಹೋಗುವ ಟಿವಿ ಸಿಗ್ನಲ್), ಅದೂ ಎನ್‌ಟಿಎಸ್‌ಸಿ. ವೇಗವಾಗಿ ಓಡುವ ಟರ್ಬೊ ಪಿಸಿ ನಡೆಯುವುದಿಲ್ಲ, ಬರೀ ಪಾಲ್ ಹಿಡಿಯುವ ಟಿವಿಯೂ ನಡೆಯುವುದಿಲ್ಲ. ಅದಕ್ಕೇ ಆ ಸಾಲಿನಲ್ಲಿ 'ನಾವೇ ಅಳೆದಿದ್ದು' ಅನ್ನುವ ಕಾಲಮ್ ಇನ್ನೂ ಖಾಲಿ. ಮೈಸೂರು, ಮಂಡ್ಯ ಕಡೆ ಯಾರ ಅಟ್ಟದ ಮೇಲಾದರೂ ಹಿಂಬದಿಯಲ್ಲಿ ದುಂಡನೆಯ ವೀಡಿಯೊ ಸಾಕೆಟ್ ಇರುವ ಸಿಜಿಎ ಕಾರ್ಡ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.