ಕಾಫಿ ಹಣ್ಣಿನ ಕೆಂಪು ಮೇಣದಬತ್ತಿಯಲ್ಲಿ ಸಮವಾಗಿ ನಿಂತ ಬಗೆ

ಕಳೆದ ಡಿಸೆಂಬರಿನಲ್ಲಿ ಮುಳ್ಳಯ್ಯನಗಿರಿಯ ದಾರಿಯಲ್ಲಿರುವ ಹೋಂಸ್ಟೇ ಒಂದಕ್ಕೆ ನಾನು ಕಳಿಸಿದ 120 ಕೆಂಪು ಮೇಣದಬತ್ತಿಗಳಲ್ಲಿ ಒಂದೂ ಹಿಂದಿರುಗಿ ಬರಲಿಲ್ಲ. ಅದರ ಹಿಂದಿನ ವರ್ಷ ಅಲ್ಲಿಗೇ ಕಳಿಸಿದ 80ರಲ್ಲಿ 50ಕ್ಕೂ ಹೆಚ್ಚು ವಾಪಸ್ಸು ಬಂದಿದ್ದವು. ಒಂದರ ಬುಡ ಕಪ್ಪುಗೆಂಪಾಗಿದ್ದರೆ ತಲೆ ತೆಳುಗೆಂಪಾಗಿತ್ತು, ಇನ್ನೊಂದರ ಮೈತುಂಬ ಬಿಳಿ ಪಟ್ಟೆಗಳಿದ್ದವು, ಮತ್ತೊಂದರಲ್ಲಿ ಸಾಸಿವೆ ಚೆಲ್ಲಿದಂತೆ ಕಡುಚುಕ್ಕೆಗಳು. ಆ ಸಲ ಮೇಣ, ಬಣ್ಣ, ಗ್ಯಾಸ್, ಆಟೋ ಬಾಡಿಗೆ ಎಲ್ಲ ಸೇರಿ ನನಗಾದ ನಷ್ಟ ಸುಮಾರು ಏಳು ಸಾವಿರ ರೂಪಾಯಿ.

ಆಗ ನಾನು ದೂರಿದ್ದು ಬಣ್ಣವನ್ನು. ಬೆಂಗಳೂರಿನ ಅಂಗಡಿಯಿಂದ ತರಿಸಿದ್ದ ಪುಡಿಯನ್ನು ಬಿಟ್ಟು ಬೇರೊಂದು ಕಡೆಯಿಂದ ಹೆಚ್ಚು ಬೆಲೆಯದನ್ನು ತರಿಸಿದೆ. ಚುಕ್ಕೆಗಳು ಮಾತ್ರ ಹಾಗೆಯೇ ಬಂದವು. ಪುಡಿಯನ್ನು ನೇರವಾಗಿ ದೊಡ್ಡ ಪಾತ್ರೆಯ ಮೇಣಕ್ಕೆ ಉದುರಿಸುತ್ತಿದ್ದುದೇ ತಪ್ಪೆಂದು ತಿಳಿಯುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಚಿಕ್ಕಮಗಳೂರಿನ ಎತ್ತರದಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ನೀರಿನ ಪಾತ್ರೆಯೊಳಗೆ ಇಟ್ಟ ಮೇಣ 90 ದಾಟುವುದೇ ಕಷ್ಟ, ಅದರಲ್ಲೂ ಎರಡು ಮೂರು ಕಿಲೋ ಮೇಣವಿದ್ದರೆ 80ಕ್ಕೆ ಬರುವುದಕ್ಕೇ ಬಹಳ ಹೊತ್ತು ಬೇಕು. ಅಷ್ಟರಲ್ಲಿ ಪುಡಿ ತಳಕ್ಕಿಳಿದು ಕೂತಿರುತ್ತದೆ.

ಈಗ ನಾನು ಮೊದಲು ಬಣ್ಣದ ಗಟ್ಟಿಯನ್ನು ಮಾಡಿಟ್ಟುಕೊಳ್ಳುತ್ತೇನೆ. ನೂರು ಗ್ರಾಂ ಸ್ಟಿಯರಿಕ್ ಆಸಿಡ್ ಅನ್ನು (ಮೇಣದಂತೆಯೇ ಕರಗುವ, ಕೊಬ್ಬಿನಿಂದ ಬರುವ ಬಿಳಿ ಗಟ್ಟಿ) ಸಣ್ಣ ಸ್ಟೀಲ್ ಲೋಟದಲ್ಲಿ ಕರಗಿಸಿ, ಅದು ಚೆನ್ನಾಗಿ ಕಾದ ಮೇಲೆ ಹತ್ತು ಗ್ರಾಂ ಪುಡಿ ಹಾಕಿ, ಹತ್ತು ಹನ್ನೆರಡು ನಿಮಿಷ ಬಿಡದೆ ಕಲಕಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ತಟ್ಟೆಗೆ ತೆಳ್ಳಗೆ ಸುರಿದು, ಆರಿದ ಮೇಲೆ ಮುರಿದಿಡುತ್ತೇನೆ. ಅತ್ತಿಗೆ ಇದನ್ನು ನೋಡಿ, "ಏನೇ, ಬಣ್ಣಾನೂ ಬರ್ಫಿ ಮಾಡೋಕೆ ಶುರು ಮಾಡಿದ್ಯಾ?" ಎಂದು ನಕ್ಕಿದ್ದರು. ಈಗ ಆ ಬರ್ಫಿಯನ್ನು ತಕ್ಕಡಿಯಲ್ಲಿಟ್ಟು ತೂಗಿಕೊಡುವವರು ಅವರೇ. ಕಿಲೋ ಮೇಣಕ್ಕೆ ಹತ್ತು ಗ್ರಾಂ ತುಂಡು ಹಾಕಿದರೆ ನಡುಮಟ್ಟದ ಕೆಂಪು ಬರುತ್ತದೆ. ಚಿಟಿಕೆಯ ಲೆಕ್ಕದಲ್ಲಿ ಹಾಕುತ್ತಿದ್ದಾಗ ಸೋಮವಾರದ ಬತ್ತಿಗೂ ಬುಧವಾರದ ಬತ್ತಿಗೂ ಅಕ್ಕತಂಗಿಯರ ಹೋಲಿಕೆಯೂ ಇರುತ್ತಿರಲಿಲ್ಲ. ಐನೂರು ರೂಪಾಯಿಯೊಳಗೆ ಸಿಕ್ಕ ಚಿನ್ನ ತೂಗುವ ಪುಟ್ಟ ತಕ್ಕಡಿ ಆ ಗೋಳನ್ನು ತಪ್ಪಿಸಿತು. ಕರಗಿದ ಮೇಣದಲ್ಲಿ ಬಣ್ಣ ಯಾವಾಗಲೂ ಕಡುವಾಗಿ ಕಾಣುವುದರಿಂದ, ಬಿಳಿ ಟೈಲ್ಸ್ ಚೂರಿನ ಮೇಲೆ ಒಂದು ಚಮಚ ಸುರಿದು, ಪೂರ್ತಿ ಆರಿದ ಮೇಲೆಯೇ ಸಾಕೋ ಬೇಕೋ ಎಂದು ತೀರ್ಮಾನಿಸುತ್ತೇನೆ. ಕಾಫಿ ಹಣ್ಣಿನ ಕೆಂಪಿಗಾಗಿ ಈ ಕೆಂಪಿನ ಜೊತೆ ಮತ್ತೊಂದು ಬಣ್ಣವನ್ನು ಕೂದಲೆಳೆಯಷ್ಟು ಸೇರಿಸುತ್ತೇನೆ. ಅದು ಯಾವುದೆಂದು ಇಲ್ಲಿ ಹೇಳುವುದಿಲ್ಲ, ಹೊಟ್ಟೆಪಾಡಿನ ಮಾತು.

ಚುಕ್ಕೆ ಹೋದರೂ ಪಟ್ಟೆಗಳು ಹೋಗಲಿಲ್ಲ. ಅವು ಬಣ್ಣದವಲ್ಲ, ಚಳಿಯವು. ನಮ್ಮ ಡಿಸೆಂಬರಿನ ಬೆಳಗಿನಲ್ಲಿ ಅಲ್ಯುಮಿನಿಯಂ ಅಚ್ಚು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಬಿಸಿಮೇಣ ಅದಕ್ಕೆ ತಾಗಿದ ಕೂಡಲೇ ಅಂಚಿನಲ್ಲಿ ಹೆಪ್ಪುಗಟ್ಟಿ, ಮೇಲೆ ಬೀಳುವ ಮೇಣ ಅದರ ಮೇಲೆ ಇನ್ನೊಂದು ಪದರವಾಗಿ ಕೂರುತ್ತದೆ. ಅಚ್ಚನ್ನು ಬಿಸಿ ಮಾಡಬೇಕೆಂದು ನಾನು ಹೇಳಿದಾಗ, ನನಗಿಂತ ಹತ್ತು ವರ್ಷ ಮೊದಲಿನಿಂದ ಬತ್ತಿ ಮಾಡುತ್ತಿರುವ ಹಾಸನದ ಇಬ್ಬರು, ಹಾಗೆ ಮಾಡಿದರೆ ಬತ್ತಿ ಅಚ್ಚಿನಿಂದ ಬಿಡುವುದೇ ಇಲ್ಲವೆಂದು ಖಂಡಿತವಾಗಿ ನುಡಿದಿದ್ದರು. ಬಿಟ್ಟಿತು. ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಅಚ್ಚುಗಳನ್ನು ಬೋರಲು ಹಾಕಿ ಸುಮಾರು 45 ಡಿಗ್ರಿಗೆ ಬೆಚ್ಚಗೆ ಮಾಡಿ, ಹನಿ ನೀರೂ ಉಳಿಯದಂತೆ ಒರೆಸಿ, 80ರಿಂದ 82 ಡಿಗ್ರಿಯ ಮೇಣವನ್ನು ಅಂಚಿನಿಂದ ನಿಧಾನವಾಗಿ ಸುರಿಯುತ್ತೇನೆ. ಆಮೇಲೆ ಮಾವಿನಹಣ್ಣಿನ ರಟ್ಟಿನ ಪೆಟ್ಟಿಗೆಯೊಳಗಿಟ್ಟು, ಮೇಲೆ ಕಾಫಿ ಗೋದಾಮಿನಿಂದ ತಂದ ಗೋಣಿಚೀಲ ಹೊದಿಸುತ್ತೇನೆ. ಬೇಗ ಆರಲೆಂದು ಫ್ಯಾನ್ ಹಾಕಿದ ದಿನ ಮಾಡಿದ 16 ಬತ್ತಿಗಳೂ ಕೆಟ್ಟವು. ಹಾಗೆಂದು ಮೇಣವನ್ನು 90ಕ್ಕೆ ಕಾಯಿಸಿ ಸುರಿದು ಹೊದಿಸಿದರೆ ಮೈಮೇಲೆ ಹಿಮ ಬಿದ್ದಂತೆ ಬಿಳಿಕಲೆ ಏಳುವುದನ್ನೂ ಕಂಡಿದ್ದೇನೆ. ಸುವಾಸನೆಯ ಎಣ್ಣೆ ಜಾಸ್ತಿಯಾದರಂತೂ ಅದು ಖಾತ್ರಿ.

ಆರುವಾಗ ಮೇಣ ಕುಗ್ಗಿ ಬತ್ತಿಯ ನಡುವೆ ಗುಳಿ ಬಿದ್ದಲ್ಲಿಗೆ ಎರಡನೆಯ ಸುರಿ ಹಾಕುವಾಗ ಅದೇ ಪಾತ್ರೆಯ ಮೇಣವನ್ನೇ ಉಳಿಸಿಕೊಂಡಿರಬೇಕು. ಅದನ್ನು ಮೊದಲಿಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚು ಬಿಸಿ ಮಾಡಿಕೊಂಡು, ಮೊದಲ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ನಿಲ್ಲಿಸುತ್ತೇನೆ. ಮೇಲೇರಿದರೆ ಅಚ್ಚಿಗೂ ಬತ್ತಿಗೂ ನಡುವೆ ಇಳಿದು ಮೈಗೆ ಕಲೆ ಮಾಡುತ್ತದೆ.

ಊರು ಕಾಫಿಯದಾದ ಮೇಲೆ ಕಾಫಿಯಿಂದಲೇ ಬಣ್ಣ ತೆಗೆಯಬಾರದೇಕೆಂಬ ಹುಚ್ಚು ನನಗೂ ಹಿಡಿದಿತ್ತು. ಡಿಕಾಕ್ಷನ್ ಮೇಣದಲ್ಲಿ ಬೆರೆಯದೆ ತಳದಲ್ಲಿ ಗುಳ್ಳೆಯಾಗಿ ನಿಂತಿತು. ಪುಡಿಯನ್ನೇ ಹಾಕಿದಾಗ ಅದು ದಾರದ ಬುಡದಲ್ಲಿ ಚರಟದಂತೆ ಕೂತು, ದಾರವನ್ನು ಕಟ್ಟಿ, ದೀಪ ಅರ್ಧಗಂಟೆಯಲ್ಲಿ ನಂದಿತು. ಅರಿಶಿನ ಮಾತ್ರ ಅಚ್ಚರಿ ಹುಟ್ಟಿಸಿತು: ಅದರ ಹಳದಿ ಎಣ್ಣೆಯಲ್ಲಿ ಇಳಿಯುವಂಥದ್ದಾದ್ದರಿಂದ, ಬಿಸಿಮೇಣದಲ್ಲಿ ಕಲಕಿ ಬಟ್ಟೆಯಲ್ಲಿ ಸೋಸಿದಾಗ ಚುಕ್ಕೆಯಿಲ್ಲದ ಸೊಗಸಾದ ಬಣ್ಣ ಬಂದಿತು. ಹಿಗ್ಗಿ ಕಿಟಕಿಯಲ್ಲಿಟ್ಟೆ, ವಾರ ಕಳೆಯುವಷ್ಟರಲ್ಲಿ ಬಿಸಿಲಿಗೆ ಬಿಳಿಚಿಕೊಂಡಿತು. ನಾಡಜೇನಿನ ಮೇಣಕ್ಕೆ ನೀಲಿ ಹಾಕಿದ್ದು ಹಸಿರಾಗಿದ್ದು ಬೇರೆ. ಮೇಣದ ಹಳದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಪ್ಪು ನನ್ನದು.

ವಾಪಸ್ಸು ಬಂದ ಆ ಐವತ್ತು ಬತ್ತಿಗಳನ್ನು, ಫ್ಯಾನಿನಡಿ ಕೆಟ್ಟವನ್ನೂ ಸೇರಿಸಿ ಕರಗಿಸಿದಾಗ ಇಟ್ಟಿಗೆಯಂಥ ಬಣ್ಣ ಬಂದಿತು. ಆ ಮೇಣದಿಂದ ಮಾಡಿದ ಬತ್ತಿಗಳನ್ನು ಮಳೆಗಾಲದಲ್ಲಿ ಕರೆಂಟು ಹೋದಾಗ ಹಚ್ಚಲೆಂದು ಅದೇ ಹೋಂಸ್ಟೇಯವರಿಗೆ ಅರ್ಧ ಬೆಲೆಗೆ ಕೊಟ್ಟೆ.