ಹೊಸ ಹುಡುಗನಿಗೆ ಮೊದಲೇ ಮಷೀನ್ ಕೊಡಬೇಡಿ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನನ್ನದೊಂದು ಸಣ್ಣ ಟರ್ನಿಂಗ್ ಶಾಪ್ ಇದೆ, ಲೋಹದ ತುಂಡು ತಿರುಗಿಸಿ ಕಡಿದು ಆಕಾರ ಕೊಡುವ ಕೆಲಸ. ಮೂರು ಲೇತ್, ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್), ಒಂಬತ್ತು ಜನ. ನಮ್ಮಂಥವರಲ್ಲಿ ಟ್ರೇನಿಂಗ್ ಅಂದರೆ ಹೊಸ ಹುಡುಗನನ್ನು ಹಳೇ ಆಪರೇಟರ್ ಪಕ್ಕ ನಿಲ್ಲಿಸಿ "ನೋಡ್ಕೋತ ಕಲಿ" ಅನ್ನೋದು, ಅಷ್ಟೇ ಅಲ್ವಾ? ನಾನೂ ಹಾಗೇ ಮಾಡುತ್ತಿದ್ದೆ. ಆರ್ಡರ್ ಕೊಟ್ಟ ಪಾರ್ಟಿಯಿಂದ ಒಂದು ಲಾಟ್ ಪೂರ್ತಿ ವಾಪಸ್ ಬಂತು, ಆಗ ಬುದ್ಧಿ ಬಂತು.

50 ಎಂಎಂ ಉಕ್ಕಿನ ಪಿನ್. ಡ್ರಾಯಿಂಗ್ ಪ್ರಕಾರ 50ಕ್ಕಿಂತ ಜಾಸ್ತಿ ಆಗಬಾರದು, ಕಡಿಮೆ ಆದರೆ 0.02 ತನಕ ಮಾತ್ರ. ಹುಡುಗ ಖಾನಾಪುರ ಕಡೆಯವನು, ಬಂದು ಹತ್ತು ದಿನ ಆಗಿತ್ತು. ಒಂದೊಂದು ಪಿನ್ನನ್ನೂ ಮೈಕ್ರೋಮೀಟರ್ ಹಿಡಿದು ಅಳೆದಿದ್ದ, 49.99. "ಸರ, ಎಲ್ಲಾ ಬರೋಬ್ಬರಿ ಅದಾವ್ರಿ" ಅಂದ. ಪಾರ್ಟಿ ಅಳೆದಾಗ 49.97!

ಹುಡುಗ ಸುಳ್ಳು ಹೇಳಿರಲಿಲ್ಲ. ಪೀಸ್ ಹಿಡಿದು ತಿರುಗಿಸುವ ಚಕ್‌ನಿಂದ ತೆಗೆದ ಕೂಡಲೇ ಬಿಸಿ ಬಿಸಿ ಇದ್ದಾಗ ಅಳೆದಿದ್ದ. ಉಕ್ಕು 40 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 50 ಎಂಎಂನಲ್ಲಿ ಸುಮಾರು 0.02 ಹಿಗ್ಗುತ್ತದೆ. ನಮಗಿದ್ದ ಅವಕಾಶವೇ ಅಷ್ಟು. ಇಪ್ಪತ್ತು ವರ್ಷದಿಂದ ಲೇತ್ ಮೇಲಿರುವ ನಮ್ಮ ಕಾಕಾನ್ನ ಕೇಳಿದೆ, ಯಾಕ್ರೀ ಹೇಳಲಿಲ್ಲ ಅಂತ. "ಇದನ್ನೇನ್ ಹೇಳೂದ್ರಿ, ಎಲ್ಲಾರಿಗೂ ಗೊತ್ತಿರ್ತೈತಲ್ಲ" ಅಂದರು.

ನಿಮ್ಮ ಶಾಪ್‌ನಲ್ಲೂ ಇಂಥ ಕಾಕಾ ಒಬ್ಬರು ಇದ್ದೇ ಇರುತ್ತಾರೆ. ಚಹಾ ಕುಡಿಸಿ ಕೂಡಿಸಿಕೊಳ್ಳಿ. "ಹುಡುಗರಿಗೆ ಏನು ಕಲಿಸಬೇಕು" ಅಂತ ಕೇಳಬೇಡಿ, ಉತ್ತರ ಬರಲ್ಲ. "ನೀವು ಹೊಸಬರಿದ್ದಾಗ ಯಾವುದಕ್ಕೆ ಬೈಸಿಕೊಂಡ್ರಿ" ಅಂತ ಕೇಳಿ. ನಮ್ಮ ಕಾಕಾ ಅರ್ಧ ಗಂಟೆ ನಿಲ್ಲಿಸಲೇ ಇಲ್ಲ. ಚಕ್ ಬಿಗಿ ಮಾಡುವ ಕೀ ಚಕ್‌ನಲ್ಲೇ ಬಿಟ್ಟು ಮಷೀನ್ ಆನ್ ಮಾಡಿದ್ದು, ಸುತ್ತಿಕೊಂಡ ಚಿಪ್ಸ್ (ಕಡಿದ ಲೋಹದ ಸುರುಳಿ) ಕೈಯಿಂದ ಎಳೆದದ್ದು, ಸವೆದ ಟೂಲ್‌ನಲ್ಲೇ ಸಂಜೆ ತನಕ ಓಡಿಸಿದ್ದು. ನಾನು ಅದನ್ನೆಲ್ಲ ಒಂದು ನೂರು ಪೇಜಿನ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ನಮ್ಮ ಸಿಲೆಬಸ್ ಅದೇ. ಹುಡುಗರಲ್ಲಿ ಅರ್ಧ ಜನ ಮರಾಠಿ ಓದಿದವರು, ಹಾಗಾಗಿ ಮುಖ್ಯವಾದದ್ದನ್ನು ಎರಡೂ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೆ.

ಮೊದಲ ವಾರ ಮಷೀನ್ ಇಲ್ಲ, ಬರೀ ಅಳತೆ. ದಿನಾ ಶಿಫ್ಟ್ ಶುರುವಾಗುವ ಮುಂಚೆ ಹದಿನೈದು ನಿಮಿಷ ಸಾಕು. ಮೊದಲು ಮೈಕ್ರೋಮೀಟರ್ ಬಾಯಿ ಒರೆಸಿ, ಮುಚ್ಚಿ, ಸೊನ್ನೆ ಸರಿ ಬರುತ್ತಾ ನೋಡಿಸಿ. ಆಮೇಲೆ ಜೆರಾಕ್ಸ್ ಹಾಳೆ ಕೊಡಿ. ಒಂದು ಹಾಳೆ ಸುಮಾರು 0.10 ಎಂಎಂ ಬರುತ್ತದೆ. ಮಡಚಿದರೆ 0.20, ಮತ್ತೆ ಮಡಚಿದರೆ 0.40. ತಪ್ಪು ಓದಿದರೆ ಹುಡುಗನಿಗೇ ಗೊತ್ತಾಗುತ್ತದೆ, ನೀವು ಬಾಯಿ ಬಿಡಬೇಕಾಗಿಲ್ಲ. ಆಮೇಲೆ ಅವನ ತಲೆಗೂದಲೇ ಒಂದು ಕಿತ್ತು ಅಳೆಯಲು ಹೇಳಿ. ನಗುತ್ತಾರೆ, ಆದರೆ 20 ಮೈಕ್ರಾನ್, ಅಂದರೆ ಆ 0.02 ಎಂಎಂ, ಎಷ್ಟು ಅಂತ ಅವತ್ತೇ ತಲೆಗೆ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಲಾಭ ಆದದ್ದು ಚೀಟಿ ಆಟ. ಒಂದೇ ಪಿನ್ನನ್ನು ಐದು ಜನ ಅಳೆದು, ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಬರೆಯಬೇಕು. ಮೊದಲ ದಿನ ಐದು ಜನರದ್ದು ಐದು ಉತ್ತರ. ಹಳಬನೊಬ್ಬ ರ‍್ಯಾಚೆಟ್ ಅನ್ನೋ ತುದಿಯ ಸಣ್ಣ ತಿರುಪು (ಒತ್ತಡ ಜಾಸ್ತಿಯಾಗದಂತೆ ತಡೆಯೋದು) ಬಿಟ್ಟು ದೊಡ್ಡ ತಿರುಪನ್ನೇ ಹಿಡಿದು ಬಿಗಿ ಮಾಡುತ್ತಿದ್ದ, ಅದಕ್ಕೇ ಅವನದ್ದು ಯಾವಾಗಲೂ ಕಡಿಮೆ. ಎಷ್ಟು ವರ್ಷದಿಂದ ಹಾಗೆ ಅಳೆಯುತ್ತಿದ್ದನೋ!

ಎರಡನೇ ವಾರದಿಂದ ಒಂದೇ ಮಷೀನ್, ಒಂದೇ ಜಾಬ್. ಮೊದಲ ಪೀಸ್ ಕಾಕಾಗೆ ತೋರಿಸಿ, ಹೂಂ ಅಂದ ಮೇಲೆ ಮುಂದಿನದು. ತೆಗೆದ ಪೀಸ್ ದಪ್ಪ ಕಬ್ಬಿಣದ ಪ್ಲೇಟ್ ಮೇಲೆ ಇಡಬೇಕು, ಕೈಗೆ ತಣ್ಣಗಾದ ಮೇಲೆ ಅಳೆಯಬೇಕು.

ಒಂದು ಮಾತು, ಕಲಿಸುವವರಿಗೆ ದುಡ್ಡು ಕೊಡಿ. ಕಾಕಾಗೆ ಪೀಸ್ ಲೆಕ್ಕದ ಇನ್ಸೆಂಟಿವ್ ಇದ್ದರೆ, ಹುಡುಗನಿಗೆ ಕಲಿಸಿದಷ್ಟೂ ಅವರದ್ದೇ ಜೇಬು ಖಾಲಿ. ಸುಮ್ನೆ ಯಾರು ಕಲಿಸುತ್ತಾರೆ? ಹುಡುಗನಿಗೆ ಕಲಿಸುವ ತಿಂಗಳು ನಾನು ಅವರಿಗೆ ಹಿಂದಿನ ತಿಂಗಳಷ್ಟೇ ಇನ್ಸೆಂಟಿವ್ ಗ್ಯಾರಂಟಿ ಮಾಡಿ, ಮೇಲೆ ಸ್ವಲ್ಪ ಸೇರಿಸುತ್ತೇನೆ. ವಾಪಸ್ ಬಂದ ಆ ಲಾಟ್ ಲೆಕ್ಕ ಹಾಕಿದರೆ ಇದು ಏನೂ ಅಲ್ಲ.

"ಕಲಿತು ಬಿಟ್ಟು ಹೋಗ್ತಾರೆ" ಅಂತೀರಾ? ಹೋಗ್ತಾರೆ. ನನ್ನಲ್ಲೂ ಇಬ್ಬರು ಹೋದರು. ಕಲಿಯದೆ ಉಳಿದವರಿಂದ ಆಗಿದ್ದ ರಿಜೆಕ್ಷನ್ ಅದಕ್ಕಿಂತ ಜಾಸ್ತಿ ಇತ್ತು.

ಸರ್ಕಾರದ ಅಪ್ರೆಂಟಿಸ್ (ಕೆಲಸ ಮಾಡುತ್ತಲೇ ಕಲಿಯುವವರು) ದಾರಿಯನ್ನೂ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆ ಅಡಿಯಲ್ಲಿ 30 ಅಥವಾ ಜಾಸ್ತಿ ಜನ ಇದ್ದರೆ ಅಪ್ರೆಂಟಿಸ್ ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇರುವ ನಮ್ಮಂಥವರು ಬೇಕಿದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಶುರುವಾದ ಪ್ರೋತ್ಸಾಹ ಯೋಜನೆಯಲ್ಲಿ ಅವರಿಗೆ ತಿಂಗಳಿಗೆ ಕೊಡುವ ಸ್ಟೈಪೆಂಡಿನ 25 ಪರ್ಸೆಂಟ್ ಕೇಂದ್ರ ಸರ್ಕಾರ ಕೊಡುತ್ತದೆ, ಹೆಚ್ಚೆಂದರೆ ತಿಂಗಳಿಗೆ 1500 ರೂಪಾಯಿ. ನೋಂದಣಿ ಆನ್‌ಲೈನ್‌ನಲ್ಲೇ. ನನಗೆ ಬರಲಿಲ್ಲ, ಮಗಳ ಹತ್ತಿರ ಮಾಡಿಸಿಕೊಂಡೆ.