ನಾಲ್ಕು ಪ್ರತಿ, ಒಂದು ಪ್ರಾರ್ಥನೆ

ಕೊಡಗಿನ ಸಿದ್ದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ, ಸಂಜೆ ಹಣ್ಣಿನ ತೂಕ, ವಾರಕ್ಕೊಮ್ಮೆ ಬಟವಾಡೆ. ಭಾನುವಾರ ಸಂಜೆ ಲೈನ್‌ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಸತ್ಯವೇದ ಓದುತ್ತೇವೆ. ನಡೆಸುವವನು ನಾನೇ. ಪಾದ್ರಿಯಲ್ಲ, ಅದರ ಎರಡನೇ ಭಾಗ ಹೊಸ ಒಡಂಬಡಿಕೆ ಬರೆದ ಗ್ರೀಕ್ ಭಾಷೆ ಬರಲ್ಲ.

ಒಂದು ಸಲ ಜಂಬದಲ್ಲಿ ಹೇಳಿಬಿಟ್ಟೆ, "ಇದರಲ್ಲಿ ಒಂದಕ್ಷರವೂ ಬದಲಾಗಿಲ್ಲ" ಅಂತ. ಗೋಣಿಕೊಪ್ಪಕ್ಕೆ ಕಾಲೇಜಿಗೆ ಹೋಗುವ ಹುಡುಗ ಮೊಬೈಲ್ ಚಾಚಿದ. ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯ. 9ನೇ ವಚನದಿಂದ ಮುಂದಕ್ಕೆ ಕಂಸ ಹಾಕಿದ್ದಾರೆ, ಕೆಳಗೆ ಟಿಪ್ಪಣಿ: ಬಹಳ ಹಳೆಯ ಪ್ರತಿಗಳಲ್ಲಿ ಇದು ಇಲ್ಲ. "ಅಣ್ಣಾ, ಮೂಲ ಪ್ರತಿ ಎಲ್ಲಿದೆ?" ಎಲ್ಲೂ ಇಲ್ಲ ಅಂದೆ. "ಮತ್ತೆ?" ಅಂದ. ನನ್ನ ಹತ್ತಿರ ಮಾತಿರಲಿಲ್ಲ.

ಆಮೇಲೆ ಓದಲು ಕೂತೆ. ಮೂಲ ಇಲ್ಲದಿರುವುದು ನನಗೆ ದೊಡ್ಡ ವಿಷಯ ಅನಿಸಲಿಲ್ಲ. ನಮ್ಮ ಮಳೆಗೆ, ಗೆದ್ದಲಿಗೆ ನನ್ನ ಹಾಜರಿ ಪುಸ್ತಕವೇ ನಾಲ್ಕು ವರ್ಷ ಬಾಳಲ್ಲ. ಆಗ ಬರೆಯುತ್ತಿದ್ದ ಪಪೈರಸ್ (ಜೊಂಡಿನ) ಹಾಳೆ ಉಳಿದಿದ್ದು ಹೆಚ್ಚಾಗಿ ಈಜಿಪ್ಟಿನ ಒಣ ಮರಳಲ್ಲಿ. ಅಲ್ಲಿ ಸಿಕ್ಕ ಯೋಹಾನನ ಸುವಾರ್ತೆಯ ಒಂದು ಚೂರು ಈಗ ಮ್ಯಾಂಚೆಸ್ಟರಿನ ಲೈಬ್ರರಿಯಲ್ಲಿದೆ. ಒಂಬತ್ತು ಸೆಂಟಿಮೀಟರ್ ಉದ್ದ, ಆರು ಅಗಲ, ಅಷ್ಟೇ. ಎರಡನೇ ಶತಮಾನದ್ದು ಅಂತ ಹೆಚ್ಚಿನವರ ಲೆಕ್ಕ. ಹೊಸ ಒಡಂಬಡಿಕೆ ಹೆಚ್ಚುಕಡಿಮೆ ಪೂರ್ತಿ ಇರುವ ಪ್ರತಿಗಳು ಸಿಗುವುದು ನಾಲ್ಕನೇ ಶತಮಾನಕ್ಕೆ ಬಂದಮೇಲೆ. ಗ್ರೀಕ್ ಪ್ರತಿಗಳು ಒಟ್ಟು 5,000ಕ್ಕೂ ಜಾಸ್ತಿ, ಅವುಗಳ ನಡುವಿನ ವ್ಯತ್ಯಾಸ ಲಕ್ಷಗಟ್ಟಲೆ. ಬಹುಪಾಲು ಕಾಗುಣಿತ, ಪದ ಹಿಂದೆ ಮುಂದೆ ಆಗಿರುವುದು. ಇದು ನನಗೆ ಚೆನ್ನಾಗಿ ಗೊತ್ತಿರುವ ರೋಗ. ಚೆಕ್‌ರೋಲಿನಲ್ಲಿ (ಹಾಜರಿ ಪಟ್ಟಿ) ಇಬ್ಬರು ಲಕ್ಷ್ಮಿಯರು ಹತ್ತಿರ ಹತ್ತಿರ ಇದ್ದರೆ, ನಕಲು ಮಾಡುವಾಗ ಕಣ್ಣು ಮೊದಲನೆಯವಳಿಂದ ಎರಡನೆಯವಳಿಗೆ ಹಾರುತ್ತೆ. ನಡುವಿನ ಮೂವರಿಗೆ ಹಾಜರಿ ಹೋಯ್ತು. ಆ ಕಾಲದ ನಕಲುಗಾರರೂ ಹೀಗೇ ಸಾಲು ಹಾರಿಸಿದ್ದಾರೆ.

ಹುಡುಗರಿಗೆ ಬಾಯಲ್ಲಿ ಹೇಳಿದರೆ ಆಗಲ್ಲ ಅಂತ ಒಂದು ಕೆಲಸ ಮಾಡಿದೆ. ಯೇಸು ಶಿಷ್ಯರಿಗೆ ಕಲಿಸಿದ, ಲೂಕ 11ರಲ್ಲಿರುವ ಪ್ರಾರ್ಥನೆಯನ್ನು ಚೀಟಿಯಲ್ಲಿ ಬರೆದು ಇಬ್ಬರಿಗೆ ನಕಲು ಮಾಡಲು ಕೊಟ್ಟೆ. ಆ ಎರಡು ನಕಲನ್ನು ಮತ್ತೆ ಇಬ್ಬಿಬ್ಬರಿಗೆ. ಕರೆಂಟ್ ಹೋಗಿತ್ತು, ಮೇಣದ ಬತ್ತಿ ಬೆಳಕು. ಅದೂ ಒಳ್ಳೆಯದೇ ಆಯ್ತು. ಕೊನೆಗೆ ನನ್ನ ಚೀಟಿ, ಮೊದಲ ಎರಡು ನಕಲು ಜೇಬಿಗೆ ಹಾಕ್ಕೊಂಡು, ಉಳಿದ ನಾಲ್ಕನ್ನು ಮುಂದಿಟ್ಟು, "ನಾನು ಏನು ಬರೆದಿದ್ದೆ, ಹೇಳಿ" ಅಂದೆ.

ಮೂರು ಪ್ರತಿಯಲ್ಲಿ "ಪರಲೋಕದಲ್ಲಿರುವ ನಮ್ಮ ತಂದೆಯೇ". ಒಂದರಲ್ಲಿ ಬರೀ "ತಂದೆಯೇ". ಮೂರಕ್ಕೆ ಒಂದು, ಉದ್ದದ್ದೇ ಸರಿ ಅಂತ ಎಲ್ಲರೂ ಕೈ ಎತ್ತಿದರು. ಕಾಲೇಜಿನ ಹುಡುಗ ಮಾತ್ರ ನಾಲ್ಕು ಕಾಗದವನ್ನೂ ಬತ್ತಿ ಹತ್ತಿರ ಹಿಡಿದು ನೋಡುತ್ತಿದ್ದ. "ಉದ್ದದ್ದಿರುವ ಈ ಎರಡರಲ್ಲೂ 'ಪರಿಶುದ್ಧ'ಕ್ಕೆ ಒತ್ತಕ್ಷರವೇ ಇಲ್ಲ. ಅಂದ್ರೆ ಒಂದೇ ನಕಲು ನೋಡಿ ಬರೆದಿದ್ದು. ಎರಡಲ್ಲ, ಒಂದೇ ಸಾಕ್ಷಿ. ಇನ್ನೊಂದು, ದಿನಾ ಬಾಯಿಪಾಠ ಹೇಳೋ ಮಾತನ್ನ ಯಾರಾದ್ರೂ ಬೇಕಂತ ಕತ್ತರಿಸ್ತಾರಾ? ಸೇರಿಸೋದು ಸುಲಭ ಅಲ್ವಾ?" ಜೇಬಿನಿಂದ ಚೀಟಿ ತೆಗೆದೆ. "ತಂದೆಯೇ" ಅಂತಲೇ ಇತ್ತು.

ಸೇರಿಸಿದವರನ್ನು ಕೇಳಿದರೆ, "ಬೇಕಂತ ಮಾಡಿಲ್ಲ ಅಣ್ಣಾ, ಕೈಯೇ ಬರೀತು" ಅಂದರು. ನಾವು ದಿನಾ ಹೇಳುವ, ಮತ್ತಾಯನ ಸುವಾರ್ತೆಯಲ್ಲಿರುವ ಉದ್ದದ ಪ್ರಾರ್ಥನೆ ಕೈಗೆ ಅಷ್ಟು ಪಳಗಿದೆ. ತಮಾಷೆ ಅಂದರೆ ಲೂಕನ ಈ ವಚನಕ್ಕೆ ನಿಜವಾಗಿಯೂ ಇದೇ ಆಗಿದೆ. ನಾಲ್ಕನೇ ಶತಮಾನದ ಸೀನಾಯಿ, ವ್ಯಾಟಿಕನ್ ಪ್ರತಿಗಳಲ್ಲಿ ಬರೀ "ತಂದೆಯೇ". ಆಮೇಲಿನ ಪ್ರತಿಗಳಲ್ಲಿ ಹೆಚ್ಚಿನವು ಉದ್ದದ್ದು. 1611ರ ಇಂಗ್ಲಿಷ್ ಬೈಬಲ್ಲಿಗೆ ಬಂದಿದ್ದೂ ಉದ್ದದ್ದೇ.

ಅಂದಿನಿಂದ ಕೆಳಗಿನ ಟಿಪ್ಪಣಿ ನಾನೇ ಮೊದಲು ಓದುತ್ತೇನೆ. ಮಾರ್ಕ 16ರಲ್ಲಿ, ಯೋಹಾನ 8ರ ವ್ಯಭಿಚಾರದಲ್ಲಿ ಹಿಡಿದ ಹೆಂಗಸಿನ ಕಥೆಯಲ್ಲಿ, ಎಲ್ಲ ಕಡೆ. ಕೆಲವು ಹಿರಿಯರಿಗೆ ಇದು ಹಿಡಿಸಲಿಲ್ಲ. ಒಬ್ಬರು ಬರುವುದನ್ನೇ ಬಿಟ್ಟರು. ಅವರ ಬೇಜಾರು ನನಗೆ ಅರ್ಥವಾಗುತ್ತೆ. ಆದರೆ ಹುಡುಗರು ಮೊಬೈಲಲ್ಲಿ ಹೇಗಿದ್ದರೂ ನೋಡುತ್ತಾರೆ. ಮುಚ್ಚಿಟ್ಟವನು ನಾನು ಅಂತ ಆಗುವುದು ಬೇಡ.

ಮೂಲ ಸಿಕ್ಕರೂ ತೀರದ ತೊಂದರೆ ಒಂದಿದೆ. ಅದೇ ಪ್ರಾರ್ಥನೆಯ "ಅನುದಿನದ ಆಹಾರ". ಅಲ್ಲಿರುವ ಗ್ರೀಕ್ ಪದ ಎಪಿಯೂಸಿಯೊಸ್. ಪ್ರತಿಗಳಲ್ಲಿ ಪದದ ಬಗ್ಗೆ ಜಗಳವಿಲ್ಲ, ಜಗಳ ಅರ್ಥದ್ದು. ಜನ ಆಡುವ ಮಾತಲ್ಲ ಇದು ಅಂತ ಮೂರನೇ ಶತಮಾನದಲ್ಲೇ ಓರಿಗೆನ್ ಎಂಬ ಕ್ರೈಸ್ತ ಪಂಡಿತ ಹೇಳಿದ್ದ, ಅವನ ಮಾತೃಭಾಷೆ ಗ್ರೀಕ್! ಇವತ್ತಿನ ಆಹಾರ ಅಂತಲೋ, ನಾಳೆಯದೋ, ಬದುಕಲು ಬೇಕಾದಷ್ಟೋ ಅಂತ ಇನ್ನೂ ಚರ್ಚೆ ನಡೆಯುತ್ತಲೇ ಇದೆ.

ಇದನ್ನು ಹೇಳಿದ ದಿನ ಹಣ್ಣು ಕುಯ್ಯುವ ಅಕ್ಕ ಒಬ್ಬರು ನಕ್ಕರು. "ನಾಳೆದು ಅಂತಲೇ ಇಟ್ಕೊಳ್ಳಿ ರೈಟ್ರೇ. ಇವತ್ತಿನ ಅಕ್ಕಿ ಅಂಗಡಿಯಿಂದ ಸಾಲ ತಂದಾಯ್ತು."